ಡಿಕ್ಕಿ ಕಾರು ಕೊಳ್ಳುವ ಮುಂಚೆ ಹಿಂದಿನ ಸೀಟಲ್ಲಿ ಕೂತು ನೋಡಿ

ನೆಂಟರಲ್ಲಿ, ನಮ್ಮ ಬೀದಿಯಲ್ಲಿ ಯಾರು ಕಾರು ತೆಗೆದುಕೊಳ್ಳುವುದಿದ್ದರೂ ಶೋರೂಮಿಗೆ ನನ್ನನ್ನು ಎಳೆದುಕೊಂಡು ಹೋಗುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ. ಹೋಗಿ ಹೋಗಿ ಒಂದು ವಿಷಯ ಮಾತ್ರ ಗೊತ್ತಾಗಿದೆ. ಎಲ್ಲರೂ ಸೀದಾ ಡ್ರೈವರ್ ಸೀಟಲ್ಲಿ ಹೋಗಿ ಕೂರುತ್ತಾರೆ. ಸ್ಟೇರಿಂಗ್ ತಿರುಗಿಸಿ, ಟಚ್‌ಸ್ಕ್ರೀನ್ ಒತ್ತಿ, ಬಣ್ಣದ ಬಗ್ಗೆ ಅರ್ಧ ಗಂಟೆ ಮಾತಾಡಿ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಡಿಸೈರ್, ಅಮೇಜ್, ಔರಾ, ಟಿಗೋರ್ ಥರದ ಸಣ್ಣ ಸೆಡಾನನ್ನು, ಅಂದರೆ ಹಿಂದೆ ಡಿಕ್ಕಿ ಚಾಚಿಕೊಂಡಿರುವ ಕಾರನ್ನು, ಓಡಿಸುವ ಖುಷಿಗೆ ಅಂತ ಯಾರು ಕೊಳ್ಳುತ್ತಾರೆ? ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಹಿಂದೆ ಬ್ಯಾಗು ತುಂಬಿಕೊಂಡು ಊರಿಗೆ ಹೋಗಲಿಕ್ಕೆ ಕೊಳ್ಳುವುದು. ಹಾಗಾಗಿ ನೋಡುವುದನ್ನು ಹಿಂದಿನಿಂದ ಶುರು ಮಾಡಿ.

ಹೆಜ್ಜೆ 1: ಡಿಕ್ಕಿ ನಿಜಕ್ಕೂ ಬೇಕಾ?

ವರ್ಷಕ್ಕೆ ನಾಲ್ಕೈದು ಸಲ ಲಗೇಜ್ ಸಮೇತ ಊರಿಗೆ ಹೋಗುವವರಾದರೆ ಬೇಕು. ಇಲ್ಲದಿದ್ದರೆ ಡಿಕ್ಕಿ ಚಾಚಿಕೊಂಡಿರದ ಹ್ಯಾಚ್‌ಬ್ಯಾಕ್ ಸಾಕು, ದುಡ್ಡು ಉಳಿಯುತ್ತದೆ.

ಈ ಕಾರುಗಳ ಹಿಂಭಾಗ ಯಾಕೆ ಕತ್ತರಿಸಿದ ಹಾಗೆ ಮೊಂಡಾಗಿದೆ ಅಂತ ತುಂಬಾ ಜನ ಕೇಳುತ್ತಾರೆ. ಕಾರಣ ತೆರಿಗೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ 24%ನಿಂದ 16%ಗೆ ಇಳಿಯಿತು. ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರಬಾರದು ಅನ್ನುವುದು ಷರತ್ತು. 2008ರಲ್ಲಿ ಟಾಟಾ ತನ್ನ ಇಂಡಿಗೋವನ್ನು ಗಿಡ್ಡ ಮಾಡಿ ಇಂಡಿಗೋ ಸಿಎಸ್ ತಂದಿತು. ಅದೇ ವರ್ಷ ಬಂದ ಮೊದಲ ಡಿಸೈರ್ 4160 ಮಿ.ಮೀ. ಇತ್ತು. 2012ರಲ್ಲಿ ಅದರ ಹಿಂಭಾಗ ಮೊಟಕಾಗಿ 3995 ಮಿ.ಮೀ. ಆಯಿತು. ಆ ಗೆರೆ ಈಗಲೂ ಇದೆ. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯೊಳಗಿನ ಕಾರಿಗೆ ಜಿಎಸ್‌ಟಿ 18%, ಗೆರೆ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ 40%. ಅಂದ ನೋಡಿ ಬೇಸರ ಮಾಡಿಕೊಳ್ಳಬೇಡಿ. ಆ ಮೊಂಡು ಹಿಂಭಾಗವೇ ನಿಮ್ಮ ದುಡ್ಡು ಉಳಿಸಿರುವುದು.

ಹೆಜ್ಜೆ 2: ಹಿಂದಿನ ಸೀಟು

ಇಲ್ಲಿ ಅವಸರ ಬೇಡ. ಜನ ಎಡವುವುದು ಇಲ್ಲೇ.

ಮೊದಲು ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು ಡ್ರೈವರ್ ಸೀಟಲ್ಲಿ ಕೂತು, ನಿಜಕ್ಕೂ ಓಡಿಸುವಾಗ ಎಷ್ಟು ಬೇಕೋ ಅಷ್ಟು ಹಿಂದೆ ಸರಿಸಿಕೊಳ್ಳಲಿ. ಆಮೇಲೆ ಅವರೇ ಇಳಿದು ಅದರ ಹಿಂದಿನ ಸೀಟಲ್ಲಿ ಕೂರಲಿ. ಶೋರೂಮಿನಲ್ಲಿ ನಿಲ್ಲಿಸಿದ ಕಾರಿನ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿರುತ್ತಾರೆ. ಅದನ್ನು ನೋಡಿ 'ಅಬ್ಬಾ, ಎಷ್ಟು ಜಾಗ' ಅಂದುಕೊಂಡವರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಮಂಡಿಗೂ ಮುಂದಿನ ಸೀಟಿಗೂ ನಡುವೆ ಒಂದು ಮುಷ್ಟಿ ಹಿಡಿದರೆ ಪರವಾಗಿಲ್ಲ.

ಇನ್ನು ತಲೆ. ಬೆನ್ನನ್ನು ಸೀಟಿಗೆ ಒತ್ತಿ ನೆಟ್ಟಗೆ ಕೂರಿ. ಈ ಕಾರುಗಳ ಚಾವಣಿ ಹಿಂದಕ್ಕೆ ಹೋಗುತ್ತಾ ಇಳಿಜಾರಾಗುತ್ತದೆ. ತಲೆಗೂ ಚಾವಣಿಗೂ ನಡುವೆ ಅಂಗೈ ತೂರಬೇಕು. ಡಿಸೈರ್‌ನ ಮೇಲಿನ ಮಾಡೆಲ್‌ನಲ್ಲಿ ಸನ್‌ರೂಫ್ ಬರುತ್ತದೆ. ಸನ್‌ರೂಫ್ ಇರುವ ಕಾರಿನಲ್ಲಿ ಚಾವಣಿಯ ಒಳಗಡೆ ಸ್ವಲ್ಪ ಕೆಳಗೆ ಬಂದಿರುತ್ತದೆ, ತಲೆಯ ಜಾಗವನ್ನು ಇನ್ನೊಮ್ಮೆ ನೋಡಿ. ನನ್ನನ್ನು ಕೇಳಿದರೆ ನಮ್ಮ ಬಿಸಿಲಿಗೆ ಸನ್‌ರೂಫ್ ದಂಡ. ಮಕ್ಕಳು ಅದರಿಂದ ತಲೆ ಹೊರಗೆ ಹಾಕುವುದು ನೋಡಿದರೆ ಜೀವ ಝಲ್ ಅನ್ನುತ್ತದೆ.

ಮೂರನೆಯದು ತೊಡೆ. ಸೀಟು ತಗ್ಗಾಗಿದ್ದರೆ ಮಂಡಿ ಮೇಲೇಳುತ್ತದೆ, ತೊಡೆಯ ಕೆಳಗೆ ಖಾಲಿ ಉಳಿಯುತ್ತದೆ. ಎರಡು ನಿಮಿಷ ಕೂತರೆ ಇದು ಗೊತ್ತಾಗುವುದಿಲ್ಲ. ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟು ತಿಪಟೂರು ಮುಟ್ಟುವಷ್ಟರಲ್ಲಿ ಸೊಂಟ ಹೇಳುತ್ತದೆ. ಕನಿಷ್ಠ 15 ನಿಮಿಷ ಕೂರಿ. ಶೋರೂಮಿನವರು ಕಾಫಿ ಕೊಡುತ್ತಾರಲ್ಲ, ಅದನ್ನು ಹಿಂದಿನ ಸೀಟಲ್ಲೇ ಕೂತು ಕುಡಿಯಿರಿ.

ಎಲ್ಲಕ್ಕಿಂತ ಮುಖ್ಯ, ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಅಮ್ಮ ಸೀರೆ ಉಡುವವರಾದರೆ ಸೀರೆಯಲ್ಲೇ ಬರಲಿ. ಮೂರು ಸಲ ಹತ್ತಿ ಇಳಿಯಲಿ. ತಲೆ ಬಾಗಿಲಿನ ಚೌಕಟ್ಟಿಗೆ ತಾಗುತ್ತದಾ, ಇಳಿಯುವಾಗ ಮುಂದಿನ ಸೀಟು ಹಿಡಿದು ಎಳೆದುಕೊಂಡು ಏಳಬೇಕಾಗುತ್ತದಾ ನೋಡಿ. ನಮ್ಮ ಚಿಕ್ಕಪ್ಪ ಇದನ್ನು ಮಾಡಲಿಲ್ಲ. ಕಾರು ಮನೆಗೆ ಬಂದ ದಿನ ಅಜ್ಜಿ ಹಿಂದೆ ಕೂತವರು ಇಳಿಯಲು ಒದ್ದಾಡಿ, 'ಇದೇನೋ, ಬಾವಿಗೆ ಇಳಿದ ಹಾಗಿದೆಯಲ್ಲೋ' ಅಂದರು. ಅವತ್ತಿನಿಂದ ಮುಂದಿನ ಸೀಟು ಅಜ್ಜಿಯದು. ಚಿಕ್ಕಮ್ಮ ಹಿಂದೆ.

ನಡುವೆ ಕೂರುವವರನ್ನೂ ಮರೆಯಬೇಡಿ. ಮೂವರನ್ನು ಕೂರಿಸಿ ಬಾಗಿಲು ಹಾಕಿಸಿ. ನಡುವಿನವರ ಕಾಲಿನ ಕೆಳಗೆ ನೆಲ ಉಬ್ಬಿರುತ್ತದೆ, ಮುಂದೆ ಎಸಿ ವೆಂಟಿನ ಡಬ್ಬಿ ಚಾಚಿಕೊಂಡಿರುತ್ತದೆ. ಅವರ ಬೆಲ್ಟ್ ಬರೀ ಸೊಂಟಕ್ಕಾ, ಹೆಗಲಿಗೂ ಬರುತ್ತದಾ? ಸೊಂಟದ್ದು ಮಾತ್ರ ಇದ್ದರೆ ಆ ಕಾರನ್ನು ನಾನು ನಾಲ್ಕು ಜನರ ಕಾರು ಅಂತಲೇ ಲೆಕ್ಕ ಹಾಕುತ್ತೇನೆ.

ಹಿಂದಿನ ವೆಂಟ್ ಬೇರೆ ಎಸಿ ಏನಲ್ಲ. ಮುಂದಿನ ತಂಪನ್ನೇ ಹಿಂದಕ್ಕೆ ಕಳಿಸುವ ದಾರಿ, ಅಷ್ಟೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಟೆಸ್ಟ್ ಡ್ರೈವ್ ಕಾರು ಸಿಕ್ಕಿದರೆ ಒಳ್ಳೆಯದು. ಹಿಂದೆ ತಂಪಾಗಲು ಎಷ್ಟು ನಿಮಿಷ ಬೇಕು ಅಂತ ಮೊಬೈಲಿನಲ್ಲಿ ನೋಡಿಕೊಳ್ಳಿ.

ಹೆಜ್ಜೆ 3: ಡಿಕ್ಕಿಯಲ್ಲಿ ನಿಮ್ಮದೇ ಸೂಟ್‌ಕೇಸ್

ಪುಸ್ತಕದ ಲೆಕ್ಕದಲ್ಲಿ ಡಿಸೈರ್‌ಗೆ 382 ಲೀಟರ್, ಔರಾಕ್ಕೆ 402, ಅಮೇಜ್‌ಗೆ 416, ಟಿಗೋರ್‌ಗೆ 419. ಲೀಟರ್ ಲೆಕ್ಕ ನೀರಿಗೆ ಸರಿ, ಸೂಟ್‌ಕೇಸಿಗೆ ಅಲ್ಲ. ಡಿಕ್ಕಿಯ ಬಾಯಿ ಎಷ್ಟು ಅಗಲ, ಎಷ್ಟು ಎತ್ತರಕ್ಕೆ ಎತ್ತಿ ಇಡಬೇಕು, ಮುಚ್ಚಳದ ಕೈಗಳು ಒಳಗೆ ಇಳಿದು ಬ್ಯಾಗನ್ನು ಒತ್ತುತ್ತವಾ ಅನ್ನುವುದು ಮುಖ್ಯ. ನಿಮ್ಮ ಮನೆಯ ದೊಡ್ಡ ಸೂಟ್‌ಕೇಸ್ ತೆಗೆದುಕೊಂಡೇ ಹೋಗಿ. ನಾಚಿಕೆ ಬೇಡ.

ಸಿಎನ್‌ಜಿ ಬೇಕು ಅನ್ನುವವರು ಸಿಎನ್‌ಜಿ ಕಾರಿನದ್ದೇ ಡಿಕ್ಕಿ ತೆಗೆಸಿ ನೋಡಬೇಕು. ಪೆಟ್ರೋಲ್ ಕಾರು ತೋರಿಸಿ ಸಿಎನ್‌ಜಿ ಬುಕ್ ಮಾಡಿಸುವುದು ಮಾಮೂಲು. ನಮ್ಮ ಭಾವ ಹಾಗೇ ಬಿದ್ದರು. ಕಾರು ಬಂದ ಮೇಲೆ ನೋಡಿದರೆ ಡಿಕ್ಕಿ ತುಂಬಾ ಸಿಲಿಂಡರ್. ಧರ್ಮಸ್ಥಳಕ್ಕೆ ಹೋಗುವಾಗ ಅಕ್ಕನ ತೊಡೆ ಮೇಲೆ ಒಂದು ಬ್ಯಾಗು, ಕಾಲ ಕೆಳಗೆ ಇನ್ನೊಂದು. ಟಿಗೋರ್‌ನಲ್ಲಿ ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದಡಿ ಇಟ್ಟಿರುವುದರಿಂದ 205 ಲೀಟರ್ ಜಾಗ ಉಳಿಯುತ್ತದೆ. ಸಿಎನ್‌ಜಿಯಲ್ಲಿ ಬಲವೂ ಕಮ್ಮಿ. ಪೆಟ್ರೋಲಿನಲ್ಲಿ ಸುಮಾರು 82 ಪಿಎಸ್ (ಎಂಜಿನ್ ಬಲದ ಅಳತೆ) ಇರುವ ಡಿಸೈರ್ ಗ್ಯಾಸಿನಲ್ಲಿ 70ರ ಆಸುಪಾಸಿಗೆ ಇಳಿಯುತ್ತದೆ. ದಿನಾ ಓಡಾಟ ಜಾಸ್ತಿ, ಹತ್ತಿರದಲ್ಲೇ ಬಂಕ್ ಇದೆ ಅಂದರೆ ಸರಿ. ಮಲೆನಾಡಿನವರಿಗೆ ನಾನು ಹೇಳುವುದು ಪೆಟ್ರೋಲ್.

ಹೆಜ್ಜೆ 4: ಟೆಸ್ಟ್ ಡ್ರೈವ್, ಐದೂ ಜನ ಕೂತು

ಸೇಲ್ಸ್ ಹುಡುಗ ಸುಗಮವಾದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಸುತ್ತಿಸಿ ಹಾಡು ಹಾಕುತ್ತಾನೆ. ಹಾಡು ಆಫ್ ಮಾಡಿಸಿ. ನಿಮ್ಮ ಮನೆಯ ದಾರಿಯಲ್ಲೇ ಹೋಗಬೇಕು ಅನ್ನಿ.

ನಿಮಗೆ ಗೊತ್ತಿರುವ ಒಂದು ಕೆಟ್ಟ ಹಂಪ್ಸ್ ಇರುತ್ತದಲ್ಲ, ಅದರ ಮೇಲೆ ಮೊದಲು ಇಬ್ಬರೇ ದಾಟಿ. ಆಮೇಲೆ ಐದೂ ಜನ ಕೂತು ದಾಟಿ. ಅಮೇಜ್‌ಗೆ 172 ಮಿ.ಮೀ., ಟಿಗೋರ್‌ಗೆ 170, ಡಿಸೈರ್‌ಗೆ 163 ಅಂತ ಹೇಳುವ, ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಜಾಗ, ಅಂದರೆ ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಕಾರಿನದ್ದು. ಹಿಂದೆ ಮೂವರು ಕೂತ ಮೇಲೆ ಸಸ್ಪೆನ್ಷನ್ ಕುಗ್ಗುತ್ತದೆ. ಹೊಟ್ಟೆ ಉಜ್ಜಿದ 'ಗರ್' ಸದ್ದು ಬಂತೋ, ಆ ಸದ್ದನ್ನು ದಿನಾ ಕೇಳಲು ತಯಾರಾಗಿ.

ಆಮೇಲೆ ಏರು. ಎಸಿ ಹಾಕಿಕೊಂಡು, ಐದೂ ಜನರನ್ನು ಕೂರಿಸಿಕೊಂಡು ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿ. ಇವೆಲ್ಲ 1.2 ಲೀಟರ್ ಎಂಜಿನ್‌ಗಳು. ಅಮೇಜ್, ಔರಾದ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್ (ಗ್ಯಾಸಿನದ್ದಲ್ಲ, ಎಂಜಿನ್ ಒಳಗೆ ಇಂಧನ ಉರಿಯುವ ಕೊಳವೆ). ಟಿಗೋರ್‌ನಲ್ಲಿ ಮೂರು, 2024ರಲ್ಲಿ ಬಂದ ಹೊಸ ಡಿಸೈರ್‌ನಲ್ಲೂ ಮೂರು. ಸಿಗ್ನಲ್‌ನಲ್ಲಿ ನಿಂತಾಗ ಗೇರ್ ಲಿವರ್ ಮೇಲೆ ಕೈ ಇಟ್ಟು ನೋಡಿ, ಮೂರು ಸಿಲಿಂಡರಿನ ನಡುಕ ಕೈಗೆ ಗೊತ್ತಾಗುತ್ತದೆ. ಕೆಲವರಿಗೆ ಅದು ಲೆಕ್ಕಕ್ಕಿಲ್ಲ. ನನಗೆ ಕಿರಿಕಿರಿ.

ಗೇರ್‌ಲೆಸ್ ಬೇಕು ಅನ್ನುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ತೂಗುತ್ತದೆ. ಅಮೇಜ್‌ನಲ್ಲಿರುವ ಸಿವಿಟಿಯಲ್ಲಿ ಗೇರುಗಳ ಹಂತವೇ ಇಲ್ಲ, ಹಾಗಾಗಿ ಆ ತೂಗಾಟ ಇಲ್ಲ, ಬೆಲೆ ಜಾಸ್ತಿ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಎಂಟಿ ಓಡಿಸಿದರೆ, ತಿರುವಿನಲ್ಲಿ ಆಕ್ಸಿಲೇಟರ್ ಒತ್ತಿದ ಮೇಲೆ ಕಾರು ಒಂದು ಕ್ಷಣ ಯೋಚನೆ ಮಾಡುತ್ತದೆ. ಅಲ್ಲಿ ಮ್ಯಾನುಯಲ್‌ಗೆ ಹಾಕಿಕೊಳ್ಳಬೇಕು. ಊರೊಳಗಿನ ಟ್ರಾಫಿಕ್‌ಗೆ ಎಎಂಟಿ ಧಾರಾಳ ಸಾಕು.

ಮೈಲೇಜ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕಂಪನಿ ಹೇಳುವ ಅಂಕಿ ಲ್ಯಾಬಿನದ್ದು. ಕಾರಿನಿಂದ ಕಾರಿಗೆ ಹೋಲಿಸಲು ಅದು ಸಾಕು, ತಿಂಗಳ ಖರ್ಚು ಲೆಕ್ಕ ಹಾಕಲು ಸಾಲದು.

ಹೆಜ್ಜೆ 5: ರೇಟು

ಆನ್‌ರೋಡ್ ರೇಟನ್ನು, ಅಂದರೆ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿದ ಬೆಲೆಯನ್ನು, ಒಂದೇ ಮೊತ್ತವಾಗಿ ಕೇಳಬೇಡಿ, ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ 5ರಿಂದ 10 ಲಕ್ಷದ ಕಾರಿಗೆ 14%, 10 ಲಕ್ಷ ದಾಟಿದರೆ 17%, ಅದರ ಮೇಲೆ ಸೆಸ್. 10 ಲಕ್ಷ ದಾಟಿದ ಕಾರಿಗೆ 1% ಟಿಸಿಎಸ್ (ಮಾರುವವರು ಮುಂಚೆಯೇ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ಕಟ್ಟಬೇಕು, ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಾಪಸ್ ಪಡೆಯಬಹುದು. ಹಾಗಾಗಿ ಬೆಲೆ ಆ ಗೆರೆಯ ಹತ್ತಿರ ಇದ್ದರೆ ಒಂದು ಮಾಡೆಲ್ ಕೆಳಗಿಳಿಯುವುದೇ ಜಾಣತನ.

ಇನ್ಶೂರೆನ್ಸ್ ಅಲ್ಲೇ ಮಾಡಿಸಬೇಕು ಅಂತೇನೂ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗಾದ ನಷ್ಟಕ್ಕೆ) ಕಡ್ಡಾಯ, ಸ್ವಂತ ಕಾರಿನ ಡ್ಯಾಮೇಜಿಗೆ ಒಂದೊಂದು ವರ್ಷದ್ದು ಸಾಕು. ಹೊರಗಿನ ರೇಟು ಕೈಯಲ್ಲಿ ಹಿಡಿದುಕೊಂಡು ಮಾತಾಡಿದರೆ ಶೋರೂಮಿನ ರೇಟು ತಾನಾಗೇ ಇಳಿಯುತ್ತದೆ. 'ಹ್ಯಾಂಡ್ಲಿಂಗ್ ಚಾರ್ಜ್' ಅಂತ ಬರೆದಿದ್ದರೆ ಹೊಡೆದು ಹಾಕಿಸಿ.

ಆಕ್ಸೆಸರಿ ಪ್ಯಾಕೇಜೂ ಬೇಡ. ಅದರಲ್ಲೂ ಸೀಟ್ ಕವರ್. ಆರು ಏರ್‌ಬ್ಯಾಗಿನ ಕಾರುಗಳಲ್ಲಿ ಎರಡು ಏರ್‌ಬ್ಯಾಗು ಮುಂದಿನ ಸೀಟುಗಳ ಪಕ್ಕದಿಂದಲೇ ಹೊರಬರುತ್ತವೆ. ಅಲ್ಲಿ ಬಿಗಿಯಾಗಿ ಕವರ್ ಹೊಲಿಸಿದರೆ ಏರ್‌ಬ್ಯಾಗಿಗೆ ದಾರಿ ಎಲ್ಲಿ? ಪಕ್ಕ ಬಿಟ್ಟು ಹೊಲಿದ ಕವರ್ ಮಾತ್ರ ಹಾಕಿಸಿ. ದಪ್ಪ ಮ್ಯಾಟ್ ಹಾಕಿಸಿದರೆ ಪೆಡಲ್‌ಗೆ ಸಿಕ್ಕಿಕೊಳ್ಳುವ ಭಯ. ಟೆಫ್ಲಾನ್ ಕೋಟಿಂಗ್ ದುಡ್ಡಿನಲ್ಲಿ ಒಂದು ವರ್ಷ ಕಾರು ತೊಳೆಸಬಹುದು.

ಹೆಜ್ಜೆ 6: ಡೆಲಿವರಿ

ರಿಜಿಸ್ಟ್ರೇಷನ್ ಆಗುವ ಮುಂಚೆ, ಹಗಲು ಬೆಳಕಿನಲ್ಲಿ ಕಾರು ನೋಡಿ. ಒಮ್ಮೆ ನಂಬರ್ ಬಿದ್ದರೆ ಬದಲಿಸಿ ಕೊಡಿ ಅಂದರೆ ಯಾರೂ ಕೊಡುವುದಿಲ್ಲ. ತಯಾರಾದ ತಿಂಗಳು ಕಾರಿನ ಜೊತೆ ಕಂಪನಿ ಕೊಡುವ ಪ್ರಮಾಣಪತ್ರ, ಅಂದರೆ ಫಾರ್ಮ್ 22ರಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2325 ಅಂದರೆ 2025ರ 23ನೇ ವಾರ. ಐದೂ ಟೈರ್ ನೋಡಿ, ಸ್ಟೆಪ್ನಿ ಎತ್ತಿ ಜಾಕು, ಪಾನಾ ಇವೆಯಾ ನೋಡಿ.

ಪೂಜೆ ಆದ ಮೇಲೆ ಚಕ್ರದಡಿ ನಿಂಬೆಹಣ್ಣು ಇಡುತ್ತೀರಲ್ಲ, ಗೇರ್‌ಲೆಸ್ ಕಾರಾದರೆ ಆಕ್ಸಿಲೇಟರ್ ಮುಟ್ಟಲೇಬೇಡಿ. ಡಿ ಹಾಕಿ ಬ್ರೇಕ್ ಮೇಲಿನ ಕಾಲು ಮೆಲ್ಲಗೆ ಸಡಿಲಿಸಿ, ಕಾರು ತಾನಾಗೇ ತೆವಳಿ ಹಣ್ಣು ಹಿಂಡುತ್ತದೆ. ಎದುರು ಶೋರೂಮಿನ ಗಾಜಿದೆ.