ಸಿಡ್ನಿಯಲ್ಲಿ ಯಾರ ಫುಟ್‌ಬಾಲ್ ಯಾವುದು? ತಿಳಿಯುವುದು ಹೀಗೆ

ನಮ್ಮ ಕಾಸರಗೋಡಿನಲ್ಲಿ ಫುಟ್‌ಬಾಲ್ ಅಂದರೆ ಒಂದೇ. ವಿಶ್ವಕಪ್ ಬಂದರೆ ಅರ್ಜೆಂಟೀನಾ, ಬ್ರೆಜಿಲ್ ಬಾವುಟ ಏರಿಸುತ್ತೇವೆ. ಸಿಡ್ನಿಯಲ್ಲಿ ಹಾಗಲ್ಲ, ಅಲ್ಲಿ ಬೇರೆ ಬೇರೆ ಆಟಗಳಿಗೆ ಫುಟ್‌ಬಾಲ್ ಅನ್ನುತ್ತಾರೆ. ನಾನು ಎರಡು ವರ್ಷ ಸಿಡ್ನಿಯ ಪಶ್ಚಿಮ ಭಾಗದ ಪ್ಯಾರಮಟ್ಟಾದಲ್ಲಿದ್ದೆ. ಈಗ ಅಲ್ಲಿಗೆ ಹೊರಟಿರುವ ಅಕ್ಕನ ಮಗನಿಗೆ ಹೇಳಿದ್ದನ್ನೇ ಬರೆಯುತ್ತೇನೆ.

ಮೊದಲು ಎದುರಿಗಿರುವವರ ಏರಿಯಾ ಕೇಳಿ. ಪೆನ್ರಿತ್, ಪ್ಯಾರಮಟ್ಟಾ ಕಡೆಯವರಾದರೆ ‘ಫುಟಿ’ (ಫುಟ್‌ಬಾಲಿಗೆ ಅಲ್ಲಿನ ಆಡುಮಾತು) ಅಂದರೆ ಜಾಸ್ತಿ ರಗ್ಬಿ ಲೀಗ್. ತಂಡಕ್ಕೆ 13 ಜನ. ಚೆಂಡು ಹಿಡಿದು ಓಡುವವರನ್ನು ಆರು ಸಲ ಹಿಡಿದು ನಿಲ್ಲಿಸಿದರೆ ಚೆಂಡು ಎದುರಾಳಿಗೆ. ಕಬಡ್ಡಿ ನೋಡಿ ಬೆಳೆದ ನಮಗೆ ಆ ಹಿಡಿತ ಕೂಡಲೇ ಅರ್ಥವಾಗುತ್ತದೆ, ಅಲ್ವಾ? ನನ್ನ ಪಕ್ಕದ ಮನೆಯ ಅಜ್ಜ ಕಸದ ಡಬ್ಬಿ ಹೊರಗಿಡಲು ಬರುವಾಗಲೂ ಅಲ್ಲಿನ ಲೀಗ್ ತಂಡ ಪ್ಯಾರಮಟ್ಟಾ ಈಲ್ಸ್‌ನ ನೀಲಿ-ಹಳದಿ ಮಫ್ಲರ್ ಸುತ್ತಿಕೊಂಡಿರುತ್ತಿದ್ದರು. ಸೋತ ಮರುದಿನವೂ!

ಹಾರ್ಬರಿನ ಉತ್ತರ ಭಾಗ, ಪೂರ್ವದ ಬಡಾವಣೆಗಳು, ದೊಡ್ಡ ಫೀಸಿನ ಶಾಲೆಗಳಲ್ಲಿ 15 ಜನರ ರಗ್ಬಿ ಯೂನಿಯನ್ನಿಗೆ ಗಟ್ಟಿ ನೆಲೆಯಿದೆ. 18 ಜನರ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಮೆಲ್ಬೋರ್ನಿನ ಆಟ; ಅದರ ಸ್ವಾನ್ಸ್ ತಂಡ ಸಿಡ್ನಿಗೆ ಬಂದದ್ದೇ 1982ರಲ್ಲಿ. ನಮ್ಮ ಫುಟ್‌ಬಾಲ್ ಬೇಕಾದರೆ ‘ಸಾಕರ್’ ಅನ್ನಿ. ವಲಸೆ ಬಂದ ಕುಟುಂಬಗಳಲ್ಲಿ ಅದಕ್ಕೆ ಪ್ರಾಣ ಬಿಡುವವರಿದ್ದಾರೆ.

ಏನೂ ತಿಳಿಯದಿದ್ದರೆ ‘ನಿಮ್ಮ ತಂಡ ಯಾವುದು?’ ಎಂದು ಕೇಳಿ ಸುಮ್ನೆ ಕುಳಿತುಬಿಡಿ. ಉಳಿದದ್ದನ್ನು ಅವರೇ ಹೇಳುತ್ತಾರೆ.