ಕಡಕ್ ರೊಟ್ಟಿಗೆ ಗಿರಾಕಿ ಸಿಕ್ಕ ಬಗೆ

ಪುಣೆಯ ಧಾಯರಿಯಲ್ಲಿ ನಾನು ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಮಾಡಿ ಮಾರತೊಡಗಿದಾಗ ಕೊಳ್ಳುತ್ತಿದ್ದವರೆಲ್ಲ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ನಮ್ಮವರೇ. ಶನಿವಾರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದರೆ ಭಾನುವಾರ ನಲವತ್ತು ಕಟ್ಟು ಖರ್ಚಾಗುತ್ತಿದ್ದವು. ಅದಕ್ಕೂ ಮೇಲೆ ಹೋಗುತ್ತಿರಲಿಲ್ಲ.

ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಸರಕು ಮಾರುವವರು ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕೆಂಬ ನಿಯಮ 2023ರ ಅಕ್ಟೋಬರ್ 1ರಿಂದ ಸಡಿಲವಾಯಿತು. ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರದ ನನ್ನಂಥವರು ಒಂದು ದಾಖಲಾತಿ ಸಂಖ್ಯೆ ಪಡೆದು ಸ್ವಂತ ರಾಜ್ಯದೊಳಗೆ ಮಾರಬಹುದಾಯಿತು. ಹೀಗಾಗಿ ಸೊಲ್ಲಾಪುರಕ್ಕೆ ಕಳಿಸಬಹುದು, ಗಡಿಯಾಚೆಗಿನ ನನ್ನ ತವರು ಇಂಡಿಗೆ ಕಳಿಸುವಂತಿಲ್ಲ. ಇಂಡಿಯಲ್ಲಿ ಫೋನಿನಿಂದ ರೊಟ್ಟಿ ತರಿಸುವವರು ಯಾರಿದ್ದಾರೆ, ಅದು ಬೇರೆ ಮಾತು.

ಹಾಗೆ ಒಂದು ಆನ್‌ಲೈನ್ ಮಾರಾಟ ತಾಣದಲ್ಲಿ ನನ್ನ ಪುಟ ತೆರೆದೆ. ಮೊದಲ ಆರು ವಾರಗಳಲ್ಲಿ ಬಂದದ್ದು ಹನ್ನೊಂದೇ ಆರ್ಡರು. ಪಕ್ಕದ ಮನೆಯ ಮರಾಠಿ ವಹಿನಿ ನನ್ನ ಪುಟವನ್ನು ನೋಡಿ, ಇಲ್ಲಿ ಯಾರೂ 'ಜೋಳದ ರೊಟ್ಟಿ' ಎಂದು ಹುಡುಕುವುದಿಲ್ಲ, 'ಕಡಕ್ ಭಾಕರಿ' ಎಂದು ಬರೆಯಿರಿ ಎಂದರು. ಹೆಸರು ಬದಲಿಸಿ, ಮಾಲದಂಡಿ ಜೋಳದ ಹಿಟ್ಟು ಎಂಬುದನ್ನೂ ಸೇರಿಸಿದೆ. ಮುಂದಿನ ತಿಂಗಳು ನೂರನಲವತ್ತು ಆರ್ಡರು ಬಂದವು. ರೊಟ್ಟಿ ಅದೇ, ಬಡಿಯುವ ಕೈಗಳೂ ಅವೇ. ಹುಡುಕುವವರ ಮಾತು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೆ ಕೊರಿಯರಿನ ಕಾಟ ಶುರುವಾಯಿತು. ಗಿರಾಕಿಗಳಿಗೆ ತಲುಪುವಷ್ಟರಲ್ಲಿ ರೊಟ್ಟಿ ಚೂರುಚೂರಾಗಿ, ಮರಳಿಸಿದ ಕಟ್ಟುಗಳ ಹಣ ನನ್ನ ಲೆಕ್ಕದಿಂದಲೇ ಕಡಿತವಾಗುತ್ತಿತ್ತು. ಕೊನೆಗೆ ಹತ್ತು ರೊಟ್ಟಿಗಳ ಮೇಲೆ, ಕೆಳಗೆ ದುಂಡಗೆ ಕತ್ತರಿಸಿದ ರಟ್ಟು ಇಟ್ಟು, ಬಿಗಿಯಾಗಿ ಸುತ್ತಿ ಡಬ್ಬಿಗೆ ಹಾಕುವುದನ್ನು ರೂಢಿಸಿಕೊಂಡೆ.

ಇನ್ನು ಲಾಭದ ಮಾತು. 120 ರೂಪಾಯಿಯ ಕಟ್ಟಿನಲ್ಲಿ ಕಮಿಷನ್ ಮತ್ತು ಸಾಗಣೆಗೆ 41, ಡಬ್ಬಿಗೆ 12, ಹಿಟ್ಟು, ಗ್ಯಾಸು, ಕೂಲಿಗೆ 48 ಹೋಗಿ ನನಗೆ ಉಳಿಯುವುದು 19. ಅದೇ ಕಟ್ಟನ್ನು ನೇರವಾಗಿ ನೂರಕ್ಕೆ ಕೊಟ್ಟರೂ ಬರಿ ಕಾಗದದಲ್ಲಿ ಸುತ್ತುವುದರಿಂದ 46 ಉಳಿಯುತ್ತದೆ. ಆದರೆ ಆ ತಾಣವಿಲ್ಲದೆ ಹಡಪಸರದ, ನಾಶಿಕದ ಮನೆಗಳಿಗೆ ನನ್ನ ಪರಿಚಯವೇ ಆಗುತ್ತಿರಲಿಲ್ಲ. ಕೊಂಡವರ ಫೋನ್ ಸಂಖ್ಯೆಯನ್ನು ತಾಣ ಕೊಡುವುದಿಲ್ಲ. ಡಬ್ಬಿಯೊಳಗೆ ಜಾಹೀರಾತಿನ ಚೀಟಿ ಇಡುವುದು ಅದರ ಕರಾರಿಗೆ ವಿರುದ್ಧ.

ದಾರಿ ತೋರಿಸಿದ್ದು ಲೇಬಲ್ಲು. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸದ ಜೊತೆಗೆ ದೂರು ಹೇಳಲು ಒಂದು ಫೋನ್ ಸಂಖ್ಯೆಯೂ ಇರಬೇಕೆಂದು ಕಾನೂನೇ ಹೇಳುತ್ತದೆ. ಅದನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದೆ. ಮೊದಮೊದಲು ಮುರಿದ ರೊಟ್ಟಿಯ ದೂರುಗಳೇ ಬಂದವು. ಕಳೆದ ತಿಂಗಳು ಅದೇ ಸಂಖ್ಯೆಗೆ ಕರೆ ಮಾಡಿದ ಚಿಂಚವಡದ ಆಜಿಯೊಬ್ಬರು, ಮೊಮ್ಮಗಳ ಮದುವೆಗೆ ಇನ್ನೂರು ಭಾಕರಿ ಬೇಕು, ಚಟ್ನಿ ಖಾರವಾಗಿರಲಿ ಎಂದರು.