ಕ್ಯಾರೆಟ್ ಜಾಸ್ತಿಯಾಗಿ ಅಂಗೈ ಹಳದಿಯಾದರೆ ಏನು ಮಾಡಬೇಕು?

ಕೆಲವು ವಾರದಿಂದ ದಿನಾ ದೊಡ್ಡ ಲೋಟ ಕ್ಯಾರೆಟ್ ಜ್ಯೂಸ್ ಕುಡಿಯುತ್ತಿದ್ದೀರಿ, ಈಗ ಅಂಗೈ ಹಳದಿಯಾಗಿ ಕಾಣುತ್ತಿದೆಯಾ? ಗಾಬರಿ ಬೇಡ. ಹಗಲು ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು, ಕೆಳರೆಪ್ಪೆ ಮೆಲ್ಲಗೆ ಎಳೆದು ಕಣ್ಣಿನ ಬಿಳಿಭಾಗ ನೋಡಿ. ಅದು ಬೆಳ್ಳಗೇ ಇದ್ದು, ಅಂಗೈ, ಅಂಗಾಲು, ಮೂಗಿನ ಪಕ್ಕದ ಗೆರೆ ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಬಹುಶಃ ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಅನ್ನೋ ಅಂಶ ಚರ್ಮದಲ್ಲಿ ಸೇರಿಕೊಂಡಿದೆ. ಕಣ್ಣೂ ಹಳದಿಯಾಗಿದ್ದರೆ ಕಾಮಾಲೆ ಇರಬಹುದು. ಆಗ ಸುಮ್ನೆ ಕೂರಬೇಡಿ, ಇವತ್ತೇ ಡಾಕ್ಟರ ಹತ್ತಿರ ಹೋಗಿ.

ವಿಟಮಿನ್ ಎ ಅತಿಯಾಗಿ ವಿಷವಾಗುತ್ತಾ ಅನ್ನೋ ಭಯ ಬರುವುದು ಸಹಜ, ಅಲ್ವಾ? ಹಾಗಾಗುವುದಿಲ್ಲ. ದೇಹ ತನಗೆ ಬೇಕಾದಷ್ಟು ಕ್ಯಾರೋಟಿನ್ ಮಾತ್ರ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ, ಮಿಕ್ಕಿದ್ದು ರಕ್ತದಲ್ಲಿ ಸುತ್ತಾಡಿ ಚರ್ಮದ ಹೊರಪದರದಲ್ಲಿ ಉಳಿಯುತ್ತದೆ, ಆ ಪದರ ದಪ್ಪಗಿರುವ ಅಂಗೈ ಅಂಗಾಲಲ್ಲಿ ಎದ್ದು ಕಾಣುವುದು ಅದಕ್ಕೇ. ವಿಟಮಿನ್ ಎ ಮಾತ್ರೆಯ ಕಥೆ ಬೇರೆ. ಅದು ಅತಿಯಾದರೆ ಲಿವರ್‌ಗೇ ಹಾನಿ.

ಮೊದಲು ಜ್ಯೂಸ್ ನಿಲ್ಲಿಸಿ. ಒಂದು ಲೋಟಕ್ಕೆ ನಾಲ್ಕೈದು ಕ್ಯಾರೆಟ್ ಹೋಗುತ್ತವೆ, ಅಗಿದು ತಿನ್ನುವಾಗ ಅಷ್ಟು ಯಾರೂ ತಿನ್ನುವುದಿಲ್ಲ. ಬದಲಿಗೆ ಸಿಹಿಕುಂಬಳ, ಕಿತ್ತಳೆ ಬಣ್ಣದ ಗೆಣಸು ಹಿಡಿಯಬೇಡಿ, ಅವುಗಳಲ್ಲೂ ಇದೇ ಕ್ಯಾರೋಟಿನ್ ಇದೆ. ಸೌತೆ, ಹೂಕೋಸು ಆಗಬಹುದು. ಪುಟ್ಟ ಮಗುವಿಗೆ ದಿನಾ ಕ್ಯಾರೆಟ್ ಬೇಯಿಸಿ ಕೊಡುತ್ತಿದ್ದರೆ ತರಕಾರಿ ಬದಲಿಸುತ್ತಾ ಹೋಗಿ. ಬಣ್ಣ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟೇನೂ ತಿನ್ನದೆಯೂ ಹೀಗಾಗಿದ್ದರೆ ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ.